ಕಾರವಾರದ ಹಡಗಿನ ಕೆಲಸಕ್ಕೆ ಬೂಮ್ ಲಿಫ್ಟ್: ಬಾಡಿಗೆಗೆ ತರೋದಾ, ಎತ್ತುವ ಕೆಲಸವನ್ನೇ ಗುತ್ತಿಗೆ ಕೊಡೋದಾ?

ಉದ್ಯಮಬಾಗ್ ಬ್ಲಾಸ್ಟರ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗ್‌ನಲ್ಲಿ ನಮ್ಮದೊಂದು ಚಿಕ್ಕ ಬ್ಲಾಸ್ಟಿಂಗ್, ಪೇಂಟಿಂಗ್ ಘಟಕ ಇದೆ. ಗ್ರಿಟ್ ಅನ್ನೋ ಒರಟು ಕಣಗಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಉಕ್ಕಿನ ತುಕ್ಕು, ಹಳೇ ಬಣ್ಣ ತೆಗೆಯೋದೇ ಬ್ಲಾಸ್ಟಿಂಗ್. ಇಷ್ಟು ವರ್ಷ ಮಾಡಿದ್ದೆಲ್ಲ ಸಕ್ಕರೆ ಕಾರ್ಖಾನೆ ಕೆಲಸ. ಮೊಲಾಸಿಸ್ ಟ್ಯಾಂಕು, ಚಿಮಣಿ, ಬಾಯ್ಲರ್ ಸ್ಟ್ರಕ್ಚರ್. ಗೋಕಾಕ, ಅಥಣಿ, ಮುಧೋಳ ಕಡೆ ಕಬ್ಬು ನುರಿಸೋದು ನಿಂತ ಮೇಲೆ ನಮ್ಮ ಸೀಸನ್ ಶುರು. ಎತ್ತರದ ಕೆಲಸ ಇದ್ದರೆ ಬೂಮ್ ಲಿಫ್ಟ್, ಅಂದರೆ ಉದ್ದ ತೋಳಿನ ತುದಿಯ ಬುಟ್ಟಿಯಲ್ಲಿ ಆಳನ್ನು ಎತ್ತುವ ಯಂತ್ರ, ಬಾಡಿಗೆಗೆ ತರುತ್ತೇವೆ, ಕೆಲಸ ಮುಗಿದ ದಿನ ವಾಪಸ್ ಕಳಿಸುತ್ತೇವೆ. ಯಾವತ್ತೂ ತಲೆ ಕೆಡಿಸಿಕೊಂಡಿಲ್ಲ.

ಈಗ ಮೊದಲ ಸಲ ಕಾರವಾರದ ನೌಕಾನೆಲೆಯೊಳಗಿನ ಕೆಲಸ ಸಿಕ್ಕಿದೆ. ನೇರವಾಗಿ ಅಲ್ಲ, ಮುಖ್ಯ ಗುತ್ತಿಗೆದಾರರ ಕೈಕೆಳಗೆ. ಹಡಗನ್ನು ನೀರಿನಿಂದ ಮೇಲೆ ತಂದ ನಂತರ ಹೊರಮೈ ಬ್ಲಾಸ್ಟಿಂಗ್, ಪ್ರೈಮರ್, ಪೇಂಟ್. ಹಡಗು ಮತ್ತೆ ನೀರಿಗಿಳಿದ ಮೇಲೆ ಮೇಲ್ಭಾಗದ ಸ್ವಲ್ಪ ಪೇಂಟಿಂಗ್ ಜೆಟ್ಟಿಯಲ್ಲಿ. ಇದರ ಜೊತೆಗೆ ಡೆಕ್ ಮೇಲಿನ ಕೆಲವು ಸಾಮಾನು, ಅಂದರೆ ವೆಂಟು, ಏಣಿ, ದೋಣಿ ಇಳಿಸುವ ಒಂದು ಡೇವಿಟ್, ಬಿಚ್ಚಿ ಕೆಳಗಿಳಿಸಿ, ಬ್ಲಾಸ್ಟ್ ಮಾಡಿ, ಮತ್ತೆ ಕೂರಿಸಬೇಕು.

ಮೂರು ಥರದ ಕೊಟೇಶನ್ ಬಂದಿವೆ. ಮೊದಲನೆಯದು ತಿಂಗಳ ಬಾಡಿಗೆ, ಆಪರೇಟರ್ ಅವರವನೇ. ಡೀಸೆಲ್, ಆಪರೇಟರ್ ಊಟ ವಸತಿ, ಎರಡೂ ಕಡೆಯ ಟ್ರೇಲರ್ ಖರ್ಚು ನಮ್ಮದು. ಕನಿಷ್ಠ ಒಂದು ತಿಂಗಳು. ಎರಡನೆಯದು ಬರೀ ಮಷೀನ್, ಆಪರೇಟರ್ ನಾವೇ ಹಾಕಬೇಕು. ಮೂರನೆಯವರು ಎತ್ತುವ ಇಳಿಸುವ ಎಲ್ಲ ಕೆಲಸ ಗುತ್ತಿಗೆ ಹಿಡಿಯುತ್ತೇವೆ ಅಂತಾರೆ. ಮಷೀನು, ಮಂದಿ, ಸ್ಲಿಂಗು, ಡೀಸೆಲ್ ಎಲ್ಲ ಅವರದೇ. ಆದರೆ ಮೊತ್ತ ಮೊದಲನೆಯವರ ತಿಂಗಳ ಬಾಡಿಗೆಯ ಒಂದೂವರೆ ಪಟ್ಟು.

ನನ್ನ ಕಣ್ಣಿಗೆ ಬಾಡಿಗೆಯೇ ಸೋವಿ ಕಾಣುತ್ತದೆ. ಒಪ್ಪಿಕೊಳ್ಳಲಾ? ಈ ಕೆಲಸ ಮಾಡಿದವರು ಹೇಳಿ.

ಸಿಲಿಂಡರ್ ಮೇಸ್ತ್ರಿ (ಮಚ್ಛೆ, ಬೆಳಗಾವಿ)

ಬರೀ ಮಷೀನ್ ತಗೊಳ್ಳಿ. ಆಪರೇಟರ್ ನಿಮ್ಮವನೇ ಇರಲಿ. ಅವರ ಆಪರೇಟರ್‌ಗೆ ಸಂಜೆ ಆಯಿತೆಂದರೆ ಕೈ ಓಡೋದಿಲ್ಲ, ಓವರ್‌ಟೈಮ್ ಬೇಕು. ನಿಮ್ಮ ಹುಡುಗನಿಗೆ ಟ್ರೇನಿಂಗ್ ಕೊಡಿಸಿ, ಸರ್ಟಿಫಿಕೇಟ್ ಮಾಡಿಸಿ. ಮುಂದಿನ ಕೆಲಸಕ್ಕೂ ಆಗುತ್ತಾನೆ.

ಆದರೆ ಒಂದು ಮಾತು. ಬ್ಲಾಸ್ಟಿಂಗ್ ಕೆಲಸಕ್ಕೆ ಹೋಗಿ ಬಂದ ಬೂಮ್ ಲಿಫ್ಟ್ ಯಾವ ಸ್ಥಿತಿಯಲ್ಲಿ ಇರುತ್ತದೆ ಅಂತ ನಮ್ಮನ್ನು ಕೇಳಿ. ಬೂಮ್ ಎತ್ತುವ ಹೈಡ್ರಾಲಿಕ್ ಸಿಲಿಂಡರಿನ ರಾಡಿನ ಮೇಲೆ ಕ್ರೋಮ್ ಇರುತ್ತದಲ್ಲ, ಗ್ರಿಟ್ ಕಣ ಅದಕ್ಕೆ ಅಂಟಿಕೊಂಡು ಒಳಗೆ ಹೋಗುತ್ತದೆ. ಕೊಳೆ ಒಳಗೆ ಹೋಗದಂತೆ ತಡೆಯುವ ವೈಪರ್ ಸೀಲ್ ಕಿತ್ತುಹೋಗುತ್ತದೆ, ರಾಡಿನ ಮೇಲೆ ಉದ್ದಕ್ಕೆ ಗೀರು ಬೀಳುತ್ತವೆ. ಅದರ ಮೇಲೆ ಸಮುದ್ರದ ಉಪ್ಪು ಗಾಳಿ. ರಾಡ್ ಬಿಚ್ಚಿ, ಗ್ರೈಂಡ್ ಮಾಡಿ, ಮತ್ತೆ ಕ್ರೋಮ್ ಹೊಡೆಸುವ ಖರ್ಚು ಯಾರ ಮೇಲೆ ಬೀಳುತ್ತದೆ? ಬಾಡಿಗೆ ಪತ್ರದ ಹಿಂದಿನ ಪುಟ ಓದಿ. ಪೇಂಟ್ ಓವರ್‌ಸ್ಪ್ರೇ, ಗ್ರಿಟ್‌ನಿಂದಾದ ಹಾನಿ ಬಾಡಿಗೆದಾರರದು ಅಂತ ಬರೆದಿರುತ್ತಾರೆ. ಸಣ್ಣ ಅಕ್ಷರ, ಆದರೆ ಬಿಲ್ ದೊಡ್ಡದು.

ಮಷೀನ್ ಇಳಿಸಿಕೊಳ್ಳುವಾಗಲೇ ಪ್ರತಿ ರಾಡ್, ಪ್ರತಿ ಹೋಸ್ ಫೋಟೋ ತೆಗೆದು ಅವರ ಸಹಿ ಹಾಕಿಸಿಕೊಳ್ಳಿ. ಮೊದಲೇ ಇದ್ದ ಲೀಕಿಗೆ ನೀವು ದುಡ್ಡು ಕಟ್ಟೋದು ಬೇಡ. ನೆಲೆಯೊಳಗೆ ಮೊಬೈಲ್, ಕ್ಯಾಮೆರಾ ಬಿಡೋದಿಲ್ಲ, ಹಾಗಾಗಿ ಈ ಕೆಲಸ ಗೇಟಿನ ಹೊರಗೇ ಮುಗಿಸಬೇಕು.

ನಿವೃತ್ತ ಶಿಪ್‌ರೈಟ್ (ಹಿಂಡಲಗಾ)

ತಮ್ಮಾ, ನಾನು ನೌಕಾಪಡೆಯಲ್ಲಿ ಶಿಪ್‌ರೈಟ್, ಅಂದರೆ ಹಡಗಿನ ಒಡಲಿನ ದುರಸ್ತಿ ಮಾಡುವವನು, ಆಗಿದ್ದವನು. ಪೆನ್ಶನ್ ಬಂದ ಮೇಲೂ ಒಂದಷ್ಟು ಕಾಲ ರಿಪೇರಿ ಯಾರ್ಡಿನಲ್ಲಿ ಗುತ್ತಿಗೆದಾರರ ಪರವಾಗಿ ಮೇಲ್ವಿಚಾರಣೆ ಮಾಡಿದೆ. ಮೇಸ್ತ್ರಿ ಹೇಳಿದ್ದರಲ್ಲಿ ಗ್ರಿಟ್ ಮಾತು ನೂರಕ್ಕೆ ನೂರು ನಿಜ. ಉಳಿದದ್ದಕ್ಕೆ ನನ್ನ ತಕರಾರಿದೆ, ಆಮೇಲೆ ಬರುತ್ತೇನೆ.

ನೀವು ದರ ಹೋಲಿಸುತ್ತಿದ್ದೀರಿ. ಮೊದಲು ತಾರೀಕು ನೋಡಿ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಮುಗಿಯುವ ಹೊತ್ತು ಗೊತ್ತು, ಬಾಯ್ಲರ್ ಪೂಜೆ ಯಾವಾಗ ಅಂತ ಗೊತ್ತು, ನಡುವಿನ ದಿನಗಳೆಲ್ಲ ನಿಮ್ಮವು. ಯುದ್ಧನೌಕೆ ರಿಫಿಟ್ಟಿಗೆ, ಅಂದರೆ ದೊಡ್ಡ ದುರಸ್ತಿಗೆ, ಬಂದಾಗ ಹಾಗಿರುವುದಿಲ್ಲ. ಕಾರವಾರದ ಶಿಪ್ ಲಿಫ್ಟ್ 175 ಮೀಟರ್ ಉದ್ದ, 28 ಮೀಟರ್ ಅಗಲ, 10,000 ಟನ್ ತನಕದ ಹಡಗನ್ನು ಎತ್ತುತ್ತದೆ. ವಿಂಚುಗಳು ಪ್ಲಾಟ್‌ಫಾರ್ಮನ್ನು ಹಡಗಿನ ಸಮೇತ ಮೇಲಕ್ಕೆಳೆಯುತ್ತವೆ. ಅಲ್ಲಿಂದ ಹಳಿ ಮೇಲೆ ಜರುಗಿಸಿ ಒಣ ಬರ್ತಿಗೆ, ಅಂದರೆ ನೆಲದ ಮೇಲೆ ಹಡಗು ನಿಲ್ಲಿಸುವ ಜಾಗಕ್ಕೆ, ಒಯ್ಯುತ್ತಾರೆ. ಬರ್ತಿನಲ್ಲಿರುವ ಹಡಗಿನ ಕೆಲಸ ಮುಗಿಯದಿದ್ದರೆ ನಿಮ್ಮ ಹಡಗು ಹತ್ತುವುದಿಲ್ಲ. ಹತ್ತಿತು ಅಂತಲೇ ಇಟ್ಟುಕೊಳ್ಳಿ. ಪಾಚಿ, ಚಿಪ್ಪು ಕೆರೆದ ಮೇಲೆ ತಳದ ಪ್ಲೇಟಿನ ದಪ್ಪ ಅಳೆಯುತ್ತಾರೆ. ಎಲ್ಲೋ ತೆಳುವಾಗಿದೆ ಅಂದರೆ ಅಲ್ಲಿ ಕತ್ತರಿಸಿ ಹೊಸ ಪ್ಲೇಟ್ ಹಾಕಬೇಕು, ವೆಲ್ಡಿಂಗ್ ಆಗಬೇಕು, ವೆಲ್ಡಿನ ತಪಾಸಣೆ ಆಗಬೇಕು. ಅಷ್ಟು ದಿನ ಆ ಭಾಗಕ್ಕೆ ನೀವು ಕಾಲಿಡುವಂತಿಲ್ಲ. ಇದು ಯಾರ ತಪ್ಪೂ ಅಲ್ಲ. ಬಿಚ್ಚುವ ತನಕ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ ಅಷ್ಟೇ.

ಇಷ್ಟೂ ದಿನ ಬಾಡಿಗೆ ಮೀಟರ್ ಓಡುತ್ತಿರುತ್ತದೆ. ಮುಹೂರ್ತ ಮುಂದಕ್ಕೆ ಹೋದರೂ ಮಂಗಲ ಕಾರ್ಯಾಲಯದ ಬಾಡಿಗೆ ಕಟ್ಟಿದ ಹಾಗೆ.

ಲೆಕ್ಕಕ್ಕೆ ತಿಂಗಳ ಬಾಡಿಗೆ 100 ಅನ್ನಿ, ಗುತ್ತಿಗೆ 150. ಕೆಲಸ 30 ದಿನದಲ್ಲಿ ಮುಗಿದರೆ ಬಾಡಿಗೆ ಗೆದ್ದಿತು. 45 ದಿನಕ್ಕೆ ಎಳೆದರೆ ಎರಡೂ ಸಮ. ಡೀಸೆಲ್, ಟ್ರೇಲರ್, ಆಪರೇಟರ್ ವಸತಿ ಸೇರಿಸಿದರೆ ಸಮ ಆಗುವ ದಿನ ಇನ್ನೂ ಮುಂಚೆಯೇ ಬರುತ್ತದೆ. ರಿಫಿಟ್ ಕೆಲಸದಲ್ಲಿ ಎರಡು ವಾರ ಹಿಂದೆ ಮುಂದೆ ಆಗುವುದು ದೊಡ್ಡ ವಿಷಯವೇ ಅಲ್ಲ.

ಹಾಗಂತ ಕಣ್ಣು ಮುಚ್ಚಿ ಗುತ್ತಿಗೆ ಕೊಡಬೇಡಿ. ಮೂರನೆಯವರ ಕೊಟೇಶನ್ನಿನಲ್ಲಿ ಐಡಲ್ ಚಾರ್ಜ್ ಅಂತ ಒಂದು ಸಾಲು ಇದೆಯಾ ನೋಡಿ. ಹಡಗು ಸಿದ್ಧವಿಲ್ಲದೆ ಮಷೀನ್ ನಿಂತರೆ ದಿನಕ್ಕೆ ಇಷ್ಟು ಅಂತ. ಆ ಸಾಲು ಇದ್ದರೆ ಅದು ಹೆಸರಿಗೆ ಮಾತ್ರ ಗುತ್ತಿಗೆ. ನೀವು ಒಂದೂವರೆ ಪಟ್ಟು ಕೊಟ್ಟು ಬಾಡಿಗೆಯನ್ನೇ ಕೊಂಡ ಹಾಗಾಯಿತು. ಅದನ್ನು ತೆಗೆಸಿ, ಇಲ್ಲವೇ ಮೊದಲ ಇಷ್ಟು ದಿನ ಉಚಿತ ಅಂತ ಬರೆಸಿ.

ನನ್ನನ್ನು ಕೇಳಿದರೆ ಕೆಲಸವನ್ನು ಎರಡು ಭಾಗ ಮಾಡಿ.

ಹೊರಮೈ ಕೆಲಸಕ್ಕೆ ಬಾಡಿಗೆ ಮಷೀನ್ ಸರಿ. ಅಲ್ಲಿ ಬುಟ್ಟಿಯಲ್ಲಿ ನಿಲ್ಲುವವರು ನಿಮ್ಮ ಹುಡುಗರು. ಎಲ್ಲಿ ಬ್ಲಾಸ್ಟ್ ಆಗಬೇಕು, ಎಷ್ಟು ಹೊತ್ತಿಗೆ ಪ್ರೈಮರ್ ಬೀಳಬೇಕು ಅಂತ ನಿರ್ಧರಿಸುವವರು ನೀವು. ಲಿಫ್ಟ್ ನಿಮ್ಮ ಮಾತು ಕೇಳಬೇಕು. ಬೇರೆ ಗುತ್ತಿಗೆದಾರನ ಲಿಫ್ಟ್ ಆದರೆ ಅವನು ತನ್ನ ಅನುಕೂಲ ನೋಡುತ್ತಾನೆ. ಆದರೆ ಬಾಡಿಗೆಯ ದಿನ ಶುರುವಾಗುವುದು ಹಡಗು ಬರ್ತಿನಲ್ಲಿ ಕೂತು, ಬ್ಲಾಸ್ಟಿಂಗ್‌ಗೆ ಲಿಖಿತ ಅನುಮತಿ ಬಂದ ದಿನದಿಂದ ಅಂತ ಹಾಕಿಸಿ. ಹಡಗು ಬರುವ ತಾರೀಕು ನೋಡಿ ಟ್ರೇಲರ್ ಹತ್ತಿಸಬೇಡಿ.

ಡೆಕ್ ಸಾಮಾನು ಇಳಿಸುವ ಕೆಲಸ ಮಾತ್ರ ಗುತ್ತಿಗೆಗೆ ಕೊಡಿ. ಬೂಮ್ ಲಿಫ್ಟ್ ಇದೆಯಲ್ಲ, ಅದರಲ್ಲೇ ಕಟ್ಟಿ ಇಳಿಸೋಣ ಅಂತ ಯಾರಾದರೂ ಹೇಳಿದರೆ ಅವರನ್ನು ದೂರ ಇಡಿ. ಸಾಮಾನ್ಯ ಬೂಮ್ ಲಿಫ್ಟಿನ ಬುಟ್ಟಿಗೆ 227 ಕೆಜಿ ಮಿತಿ. ಎರಡು ಆಳು, ಪೇಂಟ್ ಡಬ್ಬಿ, ತುಂಬಿದ ಹೋಸಿನ ತೂಕ ಸೇರಿದರೆ ಅದೇ ಆಯಿತು. ಅದು ಮನುಷ್ಯರನ್ನು ಎತ್ತುವ ಯಂತ್ರ. ಡೇವಿಟ್ ಇಳಿಸಲು ಕ್ರೇನ್ ಬೇಕು, ಭಾರ ಕಟ್ಟುವ ರಿಗ್ಗರ್ ಬೇಕು, ಸನ್ನೆ ಕೊಡುವವನು ಬೇಕು, ತೂಕ ಮತ್ತು ಕೊಂಡಿ ಎಲ್ಲಿ ಹಾಕಬೇಕು ಅನ್ನುವ ಲಿಫ್ಟ್ ಪ್ಲಾನ್ ಕಾಗದದಲ್ಲಿ ಬೇಕು. ಇವ್ಯಾವೂ ನಿಮ್ಮಲ್ಲಿ ಇಲ್ಲ ಅಲ್ವಾ? ಇಳಿಸುವುದು ಒಂದು ಸಲ, ಕೂರಿಸುವುದು ಒಂದು ಸಲ. ಅದಕ್ಕಾಗಿ ತಿಂಗಳಿಡೀ ಕ್ರೇನ್ ಬಾಡಿಗೆ ಕಟ್ಟುವುದು ಸುಮ್ನೆ ದಂಡ. ಒಂದೊಂದು ಎತ್ತುವಿಕೆಗೆ ಇಷ್ಟು ಅಂತ ಗುತ್ತಿಗೆ ಮಾಡಿ. ಬೀಳಿಸಿದರೆ ಜವಾಬ್ದಾರಿ ಅವರದು, ಅದನ್ನೂ ಬರೆಸಿ.

ಇನ್ನು ಮೇಸ್ತ್ರಿಯ ಆಪರೇಟರ್ ಮಾತು. ನಿಮ್ಮವನೇ ಇದ್ದರೆ ಒಳ್ಳೆಯದು ಅನ್ನುವುದು ನಾನೂ ಒಪ್ಪುತ್ತೇನೆ, ಆದರೆ ಕಾರಣ ಬೇರೆ. ನೆಲೆಯೊಳಗೆ ಹೋಗುವ ಪ್ರತಿಯೊಬ್ಬನಿಗೂ ಪೊಲೀಸ್ ವೆರಿಫಿಕೇಶನ್ ಆಗಿ ಪಾಸ್ ಬರಬೇಕು. ಮಷೀನ್ ಒಂದೇ ದಿನದಲ್ಲಿ ಸಿಗುತ್ತದೆ, ಪಾಸ್ ಸಿಗುವುದಿಲ್ಲ. ಬಾಡಿಗೆಯವರು ನಡುವೆ ಆಪರೇಟರ್ ಬದಲಿಸಿದರೆ, ಅಥವಾ ಅವನು ಹಬ್ಬಕ್ಕೆ ಊರಿಗೆ ಹೋಗಿ ಬರದೇ ಇದ್ದರೆ, ಹೊಸಬನ ಪಾಸ್ ಬರುವ ತನಕ ಮಷೀನ್ ನಿಂತಲ್ಲೇ. ನಿಮ್ಮ ಹುಡುಗ ಇದ್ದರೂ ಇಬ್ಬರ ಹೆಸರು ಕೊಡಿ. ಆದರೆ ಮೊದಲ ಸಲ ಬೂಮ್ ಮುಟ್ಟುವವನನ್ನು ಹಡಗಿನ ಪಕ್ಕದಲ್ಲಿ ಕಲಿಯಲು ಬಿಡಬೇಡಿ. ಹಡಗಿನ ಮೂತಿ ಕಡೆ ಹೊರಮೈ ಮೇಲಕ್ಕೆ ಹೋದಂತೆ ಹೊರಗೆ ಚಾಚಿಕೊಂಡಿರುತ್ತದೆ. ಅದರ ಅಡಿ ಬುಟ್ಟಿ ಒಯ್ದಾಗ ಗಮನವೆಲ್ಲ ಪಕ್ಕದಲ್ಲಿರುತ್ತದೆ, ತಲೆ ಮೇಲಿನ ಉಕ್ಕು ಕಾಣುವುದಿಲ್ಲ. ಅನುಭವ ಇರುವವನೇ ಬೇಕು.

ಇದೇ ಕಾರಣಕ್ಕೆ ಬರೀ ಎತ್ತರ ನೋಡಿ 60 ಅಡಿ ಮಷೀನ್ ಸಾಕು ಅನ್ನಬೇಡಿ. ಅಡ್ಡಕ್ಕೆ ಎಷ್ಟು ಚಾಚುತ್ತದೆ ಅಂತ ಕೇಳಿ. 60 ಅಡಿಯದೇ 10 ಟನ್ ಆಸುಪಾಸು ತೂಗುತ್ತದೆ. ನೆಲದಲ್ಲಿ ಹಳಿಯ ಗಾಡಿ ಇದೆ, ಪೈಪಿನ ಕಾಲುವೆ ಮುಚ್ಚಿದ ತಗಡು ಇದೆ. ಚಕ್ರ ಎಲ್ಲಿ ಹಾಯಬಹುದು ಅಂತ ಯಾರ್ಡಿನವರನ್ನು ಕೇಳಿ, ನಡೆದು ನೋಡಿ, ಆಮೇಲೆ ಮಷೀನ್ ಆರಿಸಿ. ಸೆಕೆಂಡಿಗೆ 12.5 ಮೀಟರ್ ಗಾಳಿ ಬಂದರೆ ಹೆಚ್ಚಿನ ಮಷೀನುಗಳನ್ನು ಇಳಿಸಲೇಬೇಕು. ಜೂನ್‌ನಿಂದ ಸೆಪ್ಟೆಂಬರ್ ಕಾರವಾರದಲ್ಲಿ ಎಂಥ ಮಳೆಗಾಳಿ ಅಂತ ನಾನು ಹೇಳಬೇಕಾಗಿಲ್ಲ. ಗಾಳಿಯಿಂದ ನಿಂತ ದಿನದ ಬಾಡಿಗೆ ಯಾರದು, ಅದನ್ನೂ ಮೊದಲೇ ಮಾತಾಡಿ.

ಕೆಟ್ಟು ನಿಂತರೆ ಏನು? ಬಾಡಿಗೆಯವರು ಆ ದಿನದ ಬಾಡಿಗೆ ಕಡಿತ ಮಾಡುತ್ತೇವೆ ಅಂತಾರೆ. ಅದು ನಿಮಗೆ ಸಾಲದು. ಬ್ಲಾಸ್ಟ್ ಮಾಡಿದ ಉಕ್ಕು ಬೆಳ್ಳಗೆ ತೆರೆದು ನಿಂತಿದೆ, ಕಾರವಾರದ ತೇವದ ಗಾಳಿ, ಪ್ರೈಮರ್ ಹೊಡೆಯಲು ನಿಮ್ಮ ಕೈಯಲ್ಲಿ ಇರುವುದು ಕೆಲವೇ ಗಂಟೆ. ಲಿಫ್ಟ್ ನಿಂತರೆ ಸಂಜೆಗೆ ಕೆಂಪು ತಿರುಗುತ್ತದೆ, ಮತ್ತೆ ಬ್ಲಾಸ್ಟಿಂಗ್. ಗ್ರಿಟ್ ಖರ್ಚು, ಕೂಲಿ ಖರ್ಚು ಎಲ್ಲ ಎರಡೆರಡು. ಇಷ್ಟು ಗಂಟೆಯೊಳಗೆ ಮೆಕ್ಯಾನಿಕ್, ಇಷ್ಟರೊಳಗೆ ಬದಲಿ ಮಷೀನ್ ಅಂತ ಬರೆಸಿ. ಮೆಕ್ಯಾನಿಕ್‌ಗೂ ಪಾಸ್ ಬೇಕು, ಮರೆಯಬೇಡಿ.

ಜೆಟ್ಟಿ ಕೆಲಸದ ವಿಷಯ ಚಿಕ್ಕದು. ಹಡಗು ನೀರಿಗಿಳಿಯುವುದಕ್ಕೂ ಜೆಟ್ಟಿಯಲ್ಲಿ ನಿಮಗೆ ಜಾಗ ಸಿಗುವುದಕ್ಕೂ ನಡುವೆ ಅಂತರ ಇರುತ್ತದೆ. ಮಷೀನ್ ವಾಪಸ್ ಮಾಡಿ, ಬೇಕಾದಾಗ ಮತ್ತೆ ತನ್ನಿ. ಅಲ್ಲಿ ಹಡಗು ಉಬ್ಬರ ಇಳಿತಕ್ಕೆ ಎರಡು ಮೀಟರ್ ತನಕ ಏರಿಳಿಯುತ್ತದೆ, ನಿಮ್ಮ ಬೂಮ್ ನೆಲದ ಮೇಲೆ ನಿಂತಿರುತ್ತದೆ. ಊಟಕ್ಕೆ ಹೋಗುವಾಗ ಬುಟ್ಟಿಯನ್ನು ಹಡಗಿನ ರೇಲಿಂಗ್ ಒಳಗೆ ಬಿಟ್ಟು ಹೋಗುವ ಹುಡುಗರನ್ನು ನೋಡಿದ್ದೇನೆ. ಮಾಸ್ಟ್ ಹತ್ತಿರ ಹೋಗುವ ಮುಂಚೆ ರೇಡಾರ್ ಬಂದ್ ಆಗಿದೆ ಅಂತ ಹಡಗಿನವರ ಅನುಮತಿ ಪತ್ರ ಕೈಗೆ ಬರಬೇಕು, ಬಾಯಿ ಮಾತು ನಡೆಯುವುದಿಲ್ಲ.

ಆಡಿಟ್ ಟೇಬಲ್ (ವಿಜಯಪುರ)

ಹಿರಿಯರು ಕೆಲಸದ ಕಡೆಯಿಂದ ಹೇಳಿದ್ದಾರೆ. ನಾನು ಬಿಲ್ಲಿನ ಕಡೆಯಿಂದ ಒಂದೇ ವಿಷಯ ಹೇಳುತ್ತೇನೆ, ಆದರೆ ಅದು ದುಡ್ಡಿನ ವಿಷಯ.

ಜೂನ್ 2021ರಿಂದ ಹಡಗುಗಳ ನಿರ್ವಹಣೆ, ದುರಸ್ತಿ ಸೇವೆಗೆ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು. ನಿಮ್ಮ ವರ್ಕ್ ಆರ್ಡರಿನಲ್ಲಿ ಕೆಲಸವನ್ನು ಹಡಗು ದುರಸ್ತಿ ಅಂತ ತೋರಿಸಿ 5 ಹಾಕಿದ್ದಾರಾ ನೋಡಿ. ಹಾಗಿದ್ದರೆ ನೀವು ವಸೂಲಿ ಮಾಡೋದು 5. ಬೂಮ್ ಲಿಫ್ಟ್ ಬಾಡಿಗೆ ಮೇಲೆ ಕಟ್ಟೋದು 18. ಪೇಂಟ್ ಮೇಲೂ 18. ಖರೀದಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಜಮಾ ಆಗುತ್ತಾ ಹೋಗುತ್ತದೆ.

ಇಂಥ ತಲೆಕೆಳಗಾದ ತೆರಿಗೆಗೆ ರೀಫಂಡ್ ಇದೆ, ಆದರೆ ಸರಕಿನ ಮೇಲೆ ಮಾತ್ರ. ಪೇಂಟ್, ಗ್ರಿಟ್‌ಗೆ ಕೇಳಬಹುದು. ಸೇವೆಗೆ ಇಲ್ಲ. ಬಾಡಿಗೆ ಅನ್ನೋದು ಸೇವೆ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಎತ್ತುವ ಗುತ್ತಿಗೆ ಕೊಟ್ಟರೂ ಅದೂ ಸೇವೆಯೇ, ಅವರೂ 18 ಹಾಕುವ ಸಂಭವವೇ ಜಾಸ್ತಿ. ಅಂದರೆ ಎರಡರಲ್ಲೂ ಆ ತೆರಿಗೆ ನಿಮ್ಮ ಖಾತೆಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ನಿಮಗೆ 18ರ ಬೇರೆ ಕೆಲಸಗಳು ಇದ್ದರೆ, ಸಕ್ಕರೆ ಕಾರ್ಖಾನೆ ಬಿಲ್ಲುಗಳಿಗೆ ಹೊಂದಿಸಿ ತೀರಿಸಬಹುದು. ಇಲ್ಲದಿದ್ದರೆ ಅದನ್ನು ಖರ್ಚು ಅಂತಲೇ ಹಿಡಿದು ಕೊಟೇಶನ್ ಹೋಲಿಸಿ.

ನಾಲ್ಕನೇ ದಾರಿ ಒಂದಿದೆ, ಯಾರೂ ಹೇಳಲಿಲ್ಲ. ಲಿಫ್ಟ್ ಒದಗಿಸುವುದು ಮುಖ್ಯ ಗುತ್ತಿಗೆದಾರರ ಹೊಣೆ ಅಂತ ಒಪ್ಪಂದದಲ್ಲೇ ಬರೆಸಿ, ನಿಮ್ಮ ದರ ಅಷ್ಟು ಇಳಿಸಿ. ಬಾಡಿಗೆಯೂ ನಿಮ್ಮ ಪುಸ್ತಕಕ್ಕೆ ಬರೋದಿಲ್ಲ, ನಿಂತ ದಿನದ ತಲೆನೋವೂ ಬರೋದಿಲ್ಲ. ನಿಮ್ಮ ಆಡಿಟರ್‌ಗೆ ಒಪ್ಪಂದದ ಪ್ರತಿ ತೋರಿಸಿ ಮಾಡಿ.

ಉದ್ಯಮಬಾಗ್ ಬ್ಲಾಸ್ಟರ್

ಕಾಕಾ, ಮೇಸ್ತ್ರಿ ಅಣ್ಣ, ಆಡಿಟ್ ಸರ್, ಎಲ್ಲರಿಗೂ ಧನ್ಯವಾದ. ಕೊಟೇಶನ್ ಮತ್ತೆ ತೆಗೆದು ನೋಡಿದೆ. ಮೂರನೆಯವರ ಪತ್ರದಲ್ಲಿ ಐಡಲ್ ಚಾರ್ಜ್ ಸಾಲು ಇದೆ, ಕಾಕಾ ಹೇಳಿದ ಹಾಗೇ, ಎರಡನೇ ಪುಟದ ಕೆಳಗೆ. ವರ್ಕ್ ಆರ್ಡರಿನಲ್ಲಿ ಜಿಎಸ್‌ಟಿ 5 ಅಂತಲೇ ಇದೆ. ನಮಗೆ ಸಕ್ಕರೆ ಕಾರ್ಖಾನೆ ಬಿಲ್ ಇರುವುದರಿಂದ ಕ್ರೆಡಿಟ್ ಪೂರ್ತಿ ಮುಳುಗೋದಿಲ್ಲ ಅಂತ ನಮ್ಮ ಆಡಿಟರ್ ಹೇಳಿದರು.

ಮುಖ್ಯ ಗುತ್ತಿಗೆದಾರರ ಹತ್ತಿರ ಮಾತಾಡಿದೆ. ಲಿಫ್ಟ್ ತಾವು ಕೊಡೋದಿಲ್ಲ ಅಂದರು. ಆದರೆ ಡೆಕ್ ಸಾಮಾನು ಇಳಿಸಿ ಕೂರಿಸುವ ಕೆಲಸ ನಮ್ಮಿಂದ ತೆಗೆದು ತಮ್ಮ ಕ್ರೇನ್ ತಂಡಕ್ಕೆ ಕೊಡಲು ಒಪ್ಪಿದ್ದಾರೆ. ಆ ಭಾರ ಇಳಿಯಿತು. ಹೊರಮೈಗೆ ಬಾಡಿಗೆ ಮಷೀನ್ ಅಂತ ನಿರ್ಧಾರ. ಅನುಮತಿ ಬಂದ ದಿನದಿಂದ ಬಾಡಿಗೆ ಶುರು ಅನ್ನೋದಕ್ಕೆ ಬಾಡಿಗೆಯವರು ಒಪ್ಪುತ್ತಿಲ್ಲ. ಗೇಟ್ ಒಳಗೆ ಬಂದ ದಿನದಿಂದಲೇ ಅಂತ ಹಟ. ಮಷೀನ್ ಒಂದು ಗೋವಾದಿಂದ ಬರಬಹುದು, ಇಲ್ಲ ಹುಬ್ಬಳ್ಳಿಯಿಂದ. ಏನು ಮಾಡಲಿ?

ನಿವೃತ್ತ ಶಿಪ್‌ರೈಟ್

ಗೇಟ್ ಒಳಗೆ ಬಂದ ದಿನದಿಂದ ಅಂತಲೇ ಇರಲಿ. ಹಾಗಾದರೆ ಮಷೀನನ್ನು ಗೇಟಿನ ಹೊರಗೇ ಇಡಿ! ಪಾಸಿನ ಕಾಗದ, ಮಷೀನಿನ ಟೆಸ್ಟ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಎಲ್ಲ ಮೊದಲೇ ಕೊಟ್ಟು ಮಂಜೂರಾತಿ ತಗೊಳ್ಳಿ. ಎತ್ತುವ ಯಂತ್ರಗಳನ್ನು ವರ್ಷಕ್ಕೊಮ್ಮೆ ಸಮರ್ಥ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ನಿಯಮ. ಆ ಸರ್ಟಿಫಿಕೇಟಿನ ಅವಧಿ ನಿಮ್ಮ ಕೆಲಸದ ನಡುವೆ ಮುಗಿಯುವಂತಿರಬಾರದು. ಬ್ಲಾಸ್ಟಿಂಗ್ ಅನುಮತಿ ಬಂದ ಮೇಲೆ ಟ್ರೇಲರ್ ಹೊರಡಿಸಿ. ಒಂದು ದಿನ ಹೋದರೂ ಚಿಂತೆಯಿಲ್ಲ.

ಗೋವಾದಿಂದ ಬಂದರೆ ಕಾಳಿ ಸೇತುವೆ ದಾಟಬೇಕು. 2024ರ ಆಗಸ್ಟ್‌ನಲ್ಲಿ ಹಳೆಯದು ಕುಸಿದಿತ್ತಲ್ಲ, ಭಾರದ ಟ್ರೇಲರ್ ಹೋಗುವ ಹೊತ್ತು ಕೇಳಿಕೊಳ್ಳಿ. ಹುಬ್ಬಳ್ಳಿಯಿಂದಾದರೆ ಅರಬೈಲ್ ಘಟ್ಟ, ಮಳೆಗಾಲದಲ್ಲಿ ಮಣ್ಣು ಜರಿಯುವ ಜಾಗ. ಬೇಸಿಗೆ ಕೆಲಸ ಆದರೆ ಎರಡೂ ಒಂದೇ. ಯಾರ ಮೆಕ್ಯಾನಿಕ್ ಕಾರವಾರಕ್ಕೆ ಬೇಗ ಬಂದು ಮುಟ್ಟುತ್ತಾನೋ ಅವರ ಮಷೀನ್ ತಗೊಳ್ಳಿ.

ತಿಂಗಳ ಬಾಡಿಗೆ ಎಷ್ಟು ಗಂಟೆಗೆ ಅಂತಲೂ ನೋಡಿ. ಕೆಲವರು 26 ದಿನ, ದಿನಕ್ಕೆ 10 ಗಂಟೆ, ಒಟ್ಟು 260 ಅಂತಾರೆ. ಕೆಲವರು 8 ಗಂಟೆ ಹಿಡಿದು 208 ಅಂತಾರೆ. ದರ ಒಂದೇ ಕಂಡರೂ ಒಂದೇ ಅಲ್ಲ. ಪ್ರತಿ ಸಂಜೆ ಲಾಗ್‌ಶೀಟಿಗೆ ಇಬ್ಬರ ಸಹಿ.

ಸಿಲಿಂಡರ್ ಮೇಸ್ತ್ರಿ

ಅಲ್ಲ ಕಾಕಾ, ಅನುಭವ ಇದ್ದವನೇ ಬೇಕು ಅಂದಿರಿ, ಸರಿ. ಅಂಥವನನ್ನು ಇವರು ತಮ್ಮ ಸಂಬಳಕ್ಕೇ ಇಟ್ಟುಕೊಳ್ಳಲಿ ಅಂತ ನಾನು ಹೇಳಿದ್ದು. ನನ್ನ ಮಾತು ಬದಲಾಗಿಲ್ಲ.

ಬ್ಲಾಸ್ಟರ್ ಅವರೇ, ಮಷೀನ್ ಯಾವ ಮಾಡೆಲ್ ಅಂತ ಖಾತ್ರಿಯಾದ ತಕ್ಷಣ ಹೇಳಿ. ಲಿಫ್ಟ್ ಸಿಲಿಂಡರ್, ಬುಟ್ಟಿ ಪಕ್ಕದ ಚಿಕ್ಕ ತೋಳಿನ ಜಿಬ್ ಸಿಲಿಂಡರ್ ರಾಡುಗಳಿಗೆ ಟಾರ್ಪಾಲಿನ್ ಬಟ್ಟೆಯ ಚೀಲ ಹೊಲಿಸಿ ಕೊಡುತ್ತೇನೆ. ಎರಡೂ ಕಡೆ ಪಟ್ಟಿ ಹಾಕಿ ಬಿಗಿಯಬೇಕು. ರಾಡ್ ಒಳಗೆ ಹೋದಾಗ ಚೀಲ ಮಡಚಿಕೊಳ್ಳುವಷ್ಟು ಉದ್ದ ಬಿಡಬೇಕು, ಇಲ್ಲದಿದ್ದರೆ ಮೊದಲ ದಿನವೇ ಹರಿಯುತ್ತದೆ. ಬುಟ್ಟಿಯ ಕಂಟ್ರೋಲ್ ಪೆಟ್ಟಿಗೆಗೆ ಪಾರದರ್ಶಕ ಪ್ಲಾಸ್ಟಿಕ್ ಸಾಕು, ಆದರೆ ಎಮರ್ಜೆನ್ಸಿ ಬಟನ್ ಮುಚ್ಚಬೇಡಿ. ದಿನಾ ಸಂಜೆ ಬೂಮ್ ಒಳಗೆಳೆಯುವ ಮುಂಚೆ ಗಾಳಿ ಹೊಡೆದು ಗ್ರಿಟ್ ಹಾರಿಸಿ, ಒಣ ಬಟ್ಟೆಯಿಂದ ರಾಡ್ ಒರೆಸಿ. ಎಣ್ಣೆ ಬಟ್ಟೆ ಬೇಡ, ಗ್ರಿಟ್ ಇನ್ನೂ ಅಂಟುತ್ತದೆ.